ಪಾಪಟೋಟೊಯಿಯ ನಾಗಪ್ಪ

ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರೆ. ಹಾಗೆ ನೋಡಿದರೆ, ಹಾವೇ ಇಲ್ಲದ ದೇಶದಲ್ಲಿ ಹಾವಿನ ತಜ್ಞನಾಗುವುದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ನ್ಯೂಜಿಲೆಂಡಿನ ಕಾಡಿನಲ್ಲಿ ಹಾವಿಲ್ಲ, ಹೊಲದಲ್ಲಿಲ್ಲ, ಮೃಗಾಲಯದಲ್ಲಿಯೂ ಇಲ್ಲ. ಸಮುದ್ರದ ಹಾವೊಂದು ದಾರಿ ತಪ್ಪಿ ದಂಡೆಗೆ ಬಂದು ಬಿದ್ದರೆ ಅದು ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಇಂಥ ನಾಡಿಗೆ ಅಪ್ಪಾಸಾಹೇಬರು ಹೆಂಡತಿ ರತ್ನಪ್ರಭಾ ಅವರೊಡನೆ ಬಂದು, ಆಕ್ಲೆಂಡಿನ ಪಾಪಟೋಟೊಯಿ ಬಡಾವಣೆಯಲ್ಲಿರುವ ಮಗ ಸಂಗಮೇಶನ ಮನೆಯಲ್ಲಿ ನೆಲೆಸಿದ್ದರು. ತಜ್ಞರಾಗಬೇಕೆಂಬ ಉದ್ದೇಶ ಅವರಿಗೆ ಮೊದಲು ಇರಲಿಲ್ಲ. ಅದು ಒಂದು ಭಾನುವಾರ, ಎಣ್ಣೆಗಾಯಿ ಬದನೆಕಾಯಿಯ ಜೊತೆಗೆ ತಾನಾಗಿ ಒದಗಿ ಬಂತು.

ಅಂದು ಊಟಕ್ಕೆ ವೇದಾ ಬಂದಿದ್ದಳು. ವೇದಾ ಗದಗಿನ ಹುಡುಗಿ, ಆಸ್ಪತ್ರೆಯಲ್ಲಿ ನರ್ಸು, ಎದುರು ಮನೆಯಲ್ಲಿ ಒಬ್ಬಳೇ ಇರುವವಳು. ಒಬ್ಬಳೇ ಎಂದರೆ ತಪ್ಪಾದೀತು, ಅವಳ ಜೊತೆಗೆ ಬೆಣ್ಣಿ ಇತ್ತು. ಬೆಣ್ಣಿ ಒಂದು ದಪ್ಪ, ಹಳದಿ, ಸಾಧು ನಾಯಿ. ಅದಕ್ಕೆ ಇದ್ದದ್ದು ಒಂದೇ ದುರ್ಗುಣ. ಅಲುಗಾಡುವುದು ಏನೇ ಕಂಡರೂ ಓಡಿ ಹೋಗಿ ಬಾಯಿ ಹಾಕುತ್ತಿತ್ತು. ಕಳೆದ ಬೇಸಿಗೆಯಲ್ಲಿ ಕಣಜದ ಗೂಡಿಗೆ ಮೂತಿ ಇಟ್ಟು ಮುಖವೆಲ್ಲ ಕುಂಬಳಕಾಯಿ ಮಾಡಿಕೊಂಡಿತ್ತು. ಮುಖ ಇಳಿದ ಮೇಲೆ ಗೂಡು ಇನ್ನೂ ಇದೆಯೋ ಎಂದು ನೋಡಲು ಮತ್ತೆ ಹೋಗಿತ್ತು.

"ಟೌನ್ಸ್‌ವಿಲ್‌ನಾಗ ಜಾಬ್ ಸಿಕ್ಕದರಿ," ಎಂದಳು ವೇದಾ. "ಸೆಪ್ಟೆಂಬರ್‌ಗೆ ಹೋಗ್ಬೇಕು."

ಎಲ್ಲರೂ ಸಂತೋಷಪಟ್ಟರು. ವೇದಾ ಮಾತ್ರ ರೊಟ್ಟಿ ಮುರಿಯದೆ ಕುಳಿತಿದ್ದಳು.

"ಆಸ್ಟ್ರೇಲಿಯಾಕ್ಕ ಇಲ್ಲಿಂದ ಅರ್ಧ ಊರೇ ಹೊಂಟದ. ಇದಕ್ಯಾಕ ಮಾರಿ ಸಣ್ಣದು ಮಾಡೀಯವ್ವಾ?" ಎಂದರು ರತ್ನಪ್ರಭಾ.

"ಬೆಣ್ಣಿದೇ ಚಿಂತಿ ಆಂಟಿ. ಅಲ್ಲಿ ಹಿತ್ತಲಕ್ಕ ಬ್ರೌನ್ ಸ್ನೇಕ್ ಬರ್ತಾವಂತ. ವಿಷದ ಕಪ್ಪಿ ಬ್ಯಾರೆ. ಈಕಿ ಜನ್ಮದಾಗ ಹಾವು ನೋಡಿಲ್ಲ. ಕಂಡ ಕೂಡ್ಲೆ ಹಗ್ಗ ಅಂತ ತಿಳಕೊಂಡು ಓಡಿ ಹೋಗಿ ಹಿಡೀತಾಳ."

"ಅಲ್ಲಿ ನಾಯಿಗೆ ಟ್ರೇನಿಂಗ್ ಕೊಡ್ತಾರ, ಹಾವು ಕಂಡ್ರ ದೂರ ಸರೀಬೇಕು ಅಂತ," ಎಂದ ಸಂಗಮೇಶ.

"ಹೋದ ಮರುದಿನಾನ ಕಚ್ಚಿದ್ರ? ಇಲ್ಲೇ ಕಲಿಸಿ ಕರಕೊಂಡು ಹೋಗೂಣಂದ್ರ, ಈ ದೇಶದಾಗ ಹಾವಿನ ಬಗ್ಗೆ ಗೊತ್ತಿದ್ದವರು ಯಾರದಾರ?"

ಆಗ ಅಪ್ಪಾಸಾಹೇಬರು ಕೆಮ್ಮಿದರು. ಅದು ನೆಗಡಿಯ ಕೆಮ್ಮಲ್ಲ, ಸಭೆಯ ಕೆಮ್ಮು.

"ನಾ ಅದೀನಲ್ಲ," ಎಂದರು. "ಜೀವಮಾನ ಪೂರಾ ಅರಣ್ಯ ಇಲಾಖೆದಾಗ ತೆಗದೀನಿ."

ಈ ಮಾತಿನಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅಪ್ಪಾಸಾಹೇಬರು ಅರಣ್ಯ ಇಲಾಖೆಯ ಟಪಾಲು ವಿಭಾಗದಲ್ಲಿದ್ದರು. ಬಂದ ಕಾಗದಕ್ಕೆ ಮುದ್ರೆ ಒತ್ತುವುದು ಅವರ ಕೆಲಸ. ಅವರ ಕಚೇರಿಗೆ ಹಾವು ಬಂದದ್ದು ಒಂದೇ ಒಂದು ದಿನ, ಆ ದಿನ ಅವರು ರಜೆಯಲ್ಲಿದ್ದರು. ಆದರೆ ಇದನ್ನೆಲ್ಲ ಯಾರೂ ಕೇಳಲಿಲ್ಲ. ಕೇಳದಿದ್ದದ್ದನ್ನು ಹೇಳುವ ಚಟ ಅಪ್ಪಾಸಾಹೇಬರಿಗೆ ಇರಲಿಲ್ಲ. ರತ್ನಪ್ರಭಾ ಗಂಡನ ಮುಖವನ್ನೊಮ್ಮೆ ನೋಡಿ, ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ವೇದಾಳ ಕಣ್ಣು ತುಂಬಿ ಬಂತು. "ಅಂಕಲ್, ಈಕಿ ಜೀವ ನಿಮ್ಮ ಕೈಯಾಗದ ನೋಡ್ರಿ," ಎಂದು ರೊಟ್ಟಿ ಮುರಿದಳು.

ಹೀಗೆ ಒಂದು ಜೀವ ಅಪ್ಪಾಸಾಹೇಬರ ಕೈಗೆ ಬಂತು. ಪಾಠಕ್ಕೆ ಬೇಕಾದ ಮುಖ್ಯ ಸಾಮಗ್ರಿ ಮಾತ್ರ ಇಡೀ ದೇಶದಲ್ಲಿ ಇರಲಿಲ್ಲ. ಅಪ್ಪಾಸಾಹೇಬರು ಧೃತಿಗೆಡಲಿಲ್ಲ. ಆಕ್ಲೆಂಡಿನ ಹಿತ್ತಲುಗಳಲ್ಲಿ ಗುದ್ದಲಿ ಹಾಕಿದರೆ ಬರುವುದು ಬರೀ ಜೇಡಿಮಣ್ಣು. ಚಳಿಗಾಲದ ಮಳೆಯಲ್ಲಿ ಅದು ಚಪ್ಪಲಿಯನ್ನೇ ಕಸಿದುಕೊಳ್ಳುತ್ತದೆ. ಸಂಗಮೇಶ ಮನೆ ಕೊಂಡಂದಿನಿಂದ ಆ ಮಣ್ಣನ್ನು ಬೈಯುತ್ತಿದ್ದ. ಅಪ್ಪಾಸಾಹೇಬರು ಅದನ್ನೇ ನಾದಿ, ತೋಟದ ಶೆಡ್ಡಿನ ಬಾಗಿಲಲ್ಲಿ ಕೂತು, ಒಂದು ಮಧ್ಯಾಹ್ನವಿಡೀ ಹಾವು ಮಾಡಿದರು. ಸುರುಳಿ ಚೆನ್ನಾಗಿ ಬಂತು. ಹೆಡೆ ಸ್ವಲ್ಪ ಸೌಟಿನಂತಾಯಿತು. ಕಣ್ಣಿಗೆ ಎರಡು ಮೆಣಸಿನಕಾಳು ಒತ್ತಿದರು.

ಅವರ ವಿಧಾನ ಸರಳವಾಗಿತ್ತು. ನಾಯಿ ಹಾವಿನ ಹತ್ತಿರ ಹೋಗಬೇಕು. ಹೋದ ಕೂಡಲೇ ಅದರ ಕಿವಿಯ ಬುಡದಲ್ಲಿ ಸ್ಟೀಲಿನ ತಾಟನ್ನು ಸೌಟಿನಿಂದ ಬಡಿಯಬೇಕು. ನಾಲ್ಕು ಸಲ ಹೀಗಾದರೆ ಹಾವು ಎಂದರೆ ಗದ್ದಲ, ಗದ್ದಲ ಎಂದರೆ ಓಟ ಎಂದು ನಾಯಿಗೆ ಮನದಟ್ಟಾಗುತ್ತದೆ. ಅವರು ತಾಟು ತರಲು ಅಡುಗೆಮನೆಗೆ ಹೋದರು. ಮರಳಿ ಬರುವಷ್ಟರಲ್ಲಿ ಹಾವಿನ ಹಣೆಗೆ ಅರಿಸಿನ ಕುಂಕುಮ ಬಿದ್ದಿತ್ತು.

"ಏನ್ ಮಾಡಿದೀ ಇದು?" ಎಂದು ಅವರು ಕೂಗಿದರು.

"ನೀವೇನು ಮಾಡಾಕ ಹೊಂಟೀರಿ, ಅದನ್ನ ಮೊದಲ ಹೇಳ್ರಿ," ಎಂದರು ರತ್ನಪ್ರಭಾ. "ನಾಳಿ ಪಂಚಮಿ. ಹೆಡಿ ಎತ್ತಿದ ನಾಗಪ್ಪನ ಮುಂದ ತಾಟು ಬಡದು ಓಡಸ್ತೀರಿ? ಮಕ್ಕಳು ಮರಿ ಇರೂ ಮನಿ!"

"ಅದು ನಾಗಪ್ಪಲ್ಲ, ಟ್ರೇನಿಂಗಿಂದು!"

"ಮಣ್ಣು ನಿಮ್ಮದು, ಹೆಡಿ ನಿಮ್ಮದು. ಆದರ ಹೆಡಿ ಎತ್ತಿದ ಮ್ಯಾಲೆ ಆಂವ ನಮ್ಮಾಂವ. ಪಂಚಮಿ ಮುಗೀಲಿ, ಆಮ್ಯಾಲೆ ಏನರ ಬಡ್ಕೋರಿ."

ಅಪ್ಪಾಸಾಹೇಬರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಪ್ಪಿದರು. ಮರುದಿನ ನಾಗಪ್ಪನಿಗೆ ಹಾಲೆರೆದದ್ದಾಯಿತು. ಅಳ್ಳು, ತಂಬಿಟ್ಟು, ಶೇಂಗಾ ಉಂಡಿ ಎಲ್ಲ ನೈವೇದ್ಯವಾಯಿತು. ಪಂಚಮಿ ಮುಗಿಯಿತು. ಆದರೆ ಅಪ್ಪಾಸಾಹೇಬರು ತಾಟು ಹಿಡಿದು ಬಂದಾಗ ರತ್ನಪ್ರಭಾ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಪೂಜೆ ಮಾಡಿಸಿಕೊಂಡ ದೇವರ ಮುಂದೆ ಈಗ ತಾಟು ಬಡಿಯುವುದೆಂದರೆ ಏನು? ಹಾಗಾದರೆ ನೀರಿಗೆ ಬಿಡೋಣವೆಂದರೆ, ಹೊಳೆಗೆ ಮಣ್ಣು ಹಾಕಿದರೆ ಕೌನ್ಸಿಲಿನವರು ಏನೆನ್ನುತ್ತಾರೋ ಎಂದು ಸಂಗಮೇಶ ಹೆದರಿದ. ನೀರಿಗೆ ಬಿಡದ ದೇವರನ್ನು ಪೂಜೆ ಇಲ್ಲದೆ ಇಡುವಂತಿಲ್ಲ. ಆದ್ದರಿಂದ ನಿತ್ಯ ಪೂಜೆ ಶುರುವಾಯಿತು.

ಇತ್ತ ವೇದಾ ದಿನವೂ ಡ್ಯೂಟಿಗೆ ಹೋಗುವಾಗ ಬೆಣ್ಣಿಯನ್ನು ತಂದು ಬಿಡುತ್ತಿದ್ದಳು. ಮೊದಲ ದಿನ ಅದು ನೈವೇದ್ಯದ ಉಂಡಿಗೆ ಹಾರಿತು. ರತ್ನಪ್ರಭಾ ಕೊರಳ ಪಟ್ಟಿ ಹಿಡಿದು ಎಳೆದು, ನಾಗಪ್ಪನಿಂದ ದೂರದಲ್ಲಿ ರಂಗೋಲಿಯ ಗೆರೆ ಹಾಕಿ, ಅದರಾಚೆ ಕೂಡಿಸಿದರು. "ತಡಿ! ದೇವರು ಉಣ್ಣೂದಕ್ಕ ಮೊದಲ ನೀ ಉಣ್ತೀಯೇನು? ಗಂಟಿ ಆಗ್ಲಿ." ಗಂಟೆಯಾಯಿತು, ಬೆಣ್ಣಿಗೆ ಉಂಡಿ ಸಿಕ್ಕಿತು, ಹೆಡೆಯಿಂದ ಇಳಿದ ಹಾಲೂ ಸಿಕ್ಕಿತು. ಅದು ದಡ್ಡ ನಾಯಿಯಾಗಿರಲಿಲ್ಲ. ಸ್ವಲ್ಪ ದಿನಗಳಲ್ಲೇ ಗೆರೆ ಇಲ್ಲದಿದ್ದರೂ ಅಷ್ಟೇ ದೂರದಲ್ಲಿ ಕೂತು, ಜೊಲ್ಲು ಸುರಿಸುತ್ತ, ಭಕ್ತಿಯಿಂದ ಗಂಟೆಗಾಗಿ ಕಾಯತೊಡಗಿತು. ಇಷ್ಟು ಶ್ರದ್ಧೆ ಅಪ್ಪಾಸಾಹೇಬರಲ್ಲಿ ಇರಲಿಲ್ಲ. ಮದುವೆಯಾದಾಗಿನಿಂದ ರತ್ನಪ್ರಭಾ ಕರೆದರೂ ಅವರು ದೇವರ ಗಂಟೆಯನ್ನು ಮುಟ್ಟಿದವರಲ್ಲ.

"ನನ್ನ ವಿದ್ಯಾರ್ಥಿನ ಕೆಡಿಸಿದಿ," ಎಂದು ಅವರು ಗೊಣಗಿದರು. "ಹಾವು ಕಂಡ್ರ ಬಾಲಾ ಅಲ್ಲಾಡಸ್ತದ! ನಿನ್ನ ಗಂಟಿ ನಿಲ್ಲಸು."

"ಕಾಯೂದು ಕಲಸೀನಿ. ನಿಮಗ ಇಷ್ಟು ವರ್ಷ ಆದ್ರೂ ಕಲಸಾಕ ಆಗ್ಲಿಲ್ಲ," ಎಂದರು ರತ್ನಪ್ರಭಾ.

ಸಂಜೆ ವೇದಾ ಕೇಳಿದರೆ ಅಪ್ಪಾಸಾಹೇಬರು ಟಪಾಲು ವಿಭಾಗದ ಗಾಂಭೀರ್ಯದಿಂದ, "ತರಬೇತಿ ಪ್ರಗತಿಯಲ್ಲಿದೆ," ಎನ್ನುತ್ತಿದ್ದರು. ವೇದಾ ಕೈ ಮುಗಿದು ಹೋಗುತ್ತಿದ್ದಳು. ಅವಳು ಹೋದ ಮೇಲೆ ಅವರಿಗೆ ಚಹಾ ರುಚಿಸುತ್ತಿರಲಿಲ್ಲ.

ಪ್ರಗತಿ ಶೆಡ್ಡಿನೊಳಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ಅದು ಬೀದಿಗೆ ಬಂತು. ಬೆಣ್ಣಿ ಉದ್ದಗೆ, ಸುರುಳಿಯಾಗಿ ಇದ್ದದ್ದು ಏನೇ ಕಂಡರೂ ದೂರದಲ್ಲಿ ಕೂತು ಬಿಡುತ್ತಿತ್ತು. ಯಾರದೋ ಸಾಮಾನು ಗಾಡಿಯಲ್ಲಿದ್ದ ಹಗ್ಗದ ಮುಂದೆ ಕೂತಿತು. ಅಪ್ಪಾಸಾಹೇಬರು ಬಿಚ್ಚಿಟ್ಟ ಬೆಲ್ಟಿನ ಮುಂದೆ ಕೂತಿತು. ಒಂದು ದಿನ ಶೌಕತ್‌ನ ಡೇರಿಗೆ ಹಾಲು ತರಲು ಹೋದಾಗ, ಅಲ್ಲಿ ಮಾರಾಟಕ್ಕಿಟ್ಟ ಹಸಿರು ಹೋಸ್ ಪೈಪಿನ ಮುಂದೆ ಕೂತು ಅಲುಗದಾಯಿತು. ಶೌಕತ್ ಹುಬ್ಬಳ್ಳಿಯವನು. ಬೀದಿಯ ಮೂಲೆಯಲ್ಲಿ, ಇಲ್ಲಿಯವರು ಡೇರಿ ಎನ್ನುವ ಕಿರಾಣಿ ಅಂಗಡಿ ಇಟ್ಟುಕೊಂಡು, ಹಾಲು ಬ್ರೆಡ್ಡಿನ ಜೊತೆಗೆ ಅಭಿಪ್ರಾಯಗಳನ್ನೂ ಧಾರಾಳವಾಗಿ ಕೊಡುತ್ತಿದ್ದ.

"ಏನಾಗೇತ್ರಿ ಚಾಚಾ ಇದಕ್ಕ? ಪೈಪಿನ ಮುಂದ ತಪಸ್ಸಿಗೆ ಕುಂತಂಗ ಕುಂತೈತಲ್ಲ!"

"ತರಬೇತಿ," ಎಂದರು ಅಪ್ಪಾಸಾಹೇಬರು. ಎಳೆದರು, ತಳ್ಳಿದರು. ಬೆಣ್ಣಿ ಏಳಲಿಲ್ಲ. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು ಬಾಗಿಲು ತೆರೆದರು. ಬಾಗಿಲಿಗೆ ಕಟ್ಟಿದ ಗಂಟೆ ಟಿಣ್ ಎಂದಿತು. ಬೆಣ್ಣಿ ಒಂದೇ ನೆಗೆತಕ್ಕೆ ಪೈಪನ್ನು ತಬ್ಬಿ ಆ ತುದಿಯಿಂದ ಈ ತುದಿಯವರೆಗೆ ನೆಕ್ಕಿತು.

ಶೌಕತ್ ಒದ್ದೆಯಾದ ಪೈಪನ್ನು ಎತ್ತಿ ನೋಡಿದ. ಆಮೇಲೆ, "ಚಾಚಾ, ಇದು ಆಸ್ಟ್ರೇಲಿಯಾಕ್ಕ ಹೋಗೂ ನಾಯಿ ಹೌದಲ್ರೀ?" ಎಂದು ಕೇಳಿದ. ಅಪ್ಪಾಸಾಹೇಬರು ಹಾಲು ಮರೆತು ಮನೆಗೆ ಬಂದರು.

ಪಕ್ಕದ ಮನೆಯ ಗ್ಲೆನಿಸ್ ಈ ದೇಶದವಳೇ ಆದ ವಯಸ್ಸಾದ ಹೆಂಗಸು, ಗುಲಾಬಿ ಗಿಡಗಳನ್ನು ಮಕ್ಕಳಂತೆ ಸಾಕಿದವಳು. ಅವಳ ಹಿತ್ತಲಿಗೂ ಬೆಣ್ಣಿ ಒಮ್ಮೆ ನುಸುಳಿ, ನೀರಿನ ಪೈಪಿನ ಮುಂದೆ ಗಂಭೀರವಾಗಿ ಕೂತಿತು. ಈ ನಾಯಿ ದಿನವೂ ಎಲ್ಲಿ ಇಂಥದ್ದನ್ನು ಕಲಿಯುತ್ತದೆ ಎಂದು ಗ್ಲೆನಿಸ್ ಬೇಲಿಯ ಮೇಲಿಂದ ಇಣುಕಿದಳು. ಶೆಡ್ಡಿನ ಅರೆಗತ್ತಲಲ್ಲಿ ಹಾಲಿನಲ್ಲಿ ತೊಯ್ದು ಹೊಳೆಯುವ ಹೆಡೆಯೊಂದು ಎದ್ದು ನಿಂತಿತ್ತು. ಗ್ಲೆನಿಸ್ ಕಿರುಚಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿ, ಜೈವಿಕ ಭದ್ರತೆಯ ಅಧಿಕಾರಿಗಳಿಗೆ ಫೋನು ಮಾಡಿದಳು. ಈ ದೇಶದಲ್ಲಿ ಬೂಟಿಗೆ ಅಂಟಿದ ಮಣ್ಣನ್ನೂ ವಿಮಾನ ನಿಲ್ದಾಣದಲ್ಲಿ ತೊಳೆದು ಒಳಗೆ ಬಿಡುತ್ತಾರೆ. ಹಾವು ಎಂದರೆ ಕೇಳಬೇಕೇ? ಮಧ್ಯಾಹ್ನದೊಳಗೆ ಬಿಳಿ ವ್ಯಾನು ಬಂದು ನಿಂತಿತು.

ಇಬ್ಬರು ಅಧಿಕಾರಿಗಳು ಇಳಿದರು. ಒಬ್ಬಾಕೆ ಈ ದೇಶದವಳೇ, ಎತ್ತರದ ಹೆಂಗಸು. ಇನ್ನೊಬ್ಬ, ಎದೆಯ ಮೇಲಿನ ಹೆಸರಿನ ಪಟ್ಟಿಯ ಪ್ರಕಾರ, ನಟರಾಜ. ಇಬ್ಬರ ಕೈಯಲ್ಲೂ ಉದ್ದ ಕೊಕ್ಕೆ, ಮೊಣಕಾಲಿನವರೆಗೆ ಬೂಟು. ಸಂಗಮೇಶ ಆಫೀಸಿನಿಂದ ಓಡಿ ಬಂದ. ಬೀದಿಯವರೆಲ್ಲ ಬೇಲಿಗೆ ನಿಂತರು. ಶೌಕತ್ ಅಂಗಡಿಗೆ ಬೀಗ ಹಾಕಿ ಬಂದ. ಹಾಗೆ ಅವನು ಬೀಗ ಹಾಕಿದ್ದು ಹಬ್ಬ ಬಿಟ್ಟರೆ ಅದೇ ಮೊದಲು.

ನಟರಾಜ ಉಸಿರು ಹಿಡಿದು ಶೆಡ್ಡಿನ ಬಾಗಿಲು ಸರಿಸಿದ. ಅರಿಸಿನ, ಕುಂಕುಮ, ಹೂವು, ನಡುವೆ ಹೆಡೆ ಎತ್ತಿದ ನಾಗಪ್ಪ. ಅವನು ಮರು ಯೋಚನೆಯಿಲ್ಲದೆ ಕೊಕ್ಕೆಯನ್ನು ಗೋಡೆಗೆ ಒರಗಿಸಿ, ಬೂಟು ಬಿಚ್ಚಿದ. ಅವನ ಹಿಂದೆ ಬಂದ ಹೆಂಗಸು ಇದು ಹಾವು ಹಿಡಿಯುವ ಹೊಸ ನಿಯಮವೆಂದು ತಿಳಿದು ತಾನೂ ಬಿಚ್ಚಿದಳು.

"ಏನ್ ಸಾರ್ ಇದು?" ಎಂದ ನಟರಾಜ, ಶುದ್ಧ ಮೈಸೂರಿನ ಕನ್ನಡದಲ್ಲಿ. "ನಾನ್ ಪ್ರಾಣ ಕೈಲ್ ಹಿಡ್ಕೊಂಡ್ ಬಂದಿದೀನಿ."

"ಕೈಯಾಗ ಹಿಡ್ಕೊಂಡ ಬಂದಿದ್ದು ಚಲೋ ಆತು. ಕೈ ಮುಗೀರಿ, ಈಗ ಆರತಿ ಆಗ್ತದ," ಎಂದರು ರತ್ನಪ್ರಭಾ.

ನಟರಾಜ ಫೋನಿನಲ್ಲಿ ಮೇಲಧಿಕಾರಿಗೆ ಹಾವಲ್ಲ, ದೇವರು ಎಂದು ವರದಿ ಮಾಡಿದ. ಅದೇ ಗಳಿಗೆಗೆ ಡ್ಯೂಟಿ ಮುಗಿಸಿದ ವೇದಾ ಜನರನ್ನು ಸರಿಸಿಕೊಂಡು, ಬೆಣ್ಣಿಗೆ ಏನೋ ಆಗಿದೆಯೆಂದು ಹೆದರಿ, ಯೂನಿಫಾರ್ಮಿನಲ್ಲೇ ಒಳಗೆ ಬಂದಳು.

ಬೆಣ್ಣಿಗೆ ಏನೂ ಆಗಿರಲಿಲ್ಲ. ಅದು ನಾಗಪ್ಪನ ಮುಂದೆ ಕೂತು ಬಾಲದಿಂದ ನೆಲ ಗುಡಿಸುತ್ತಿತ್ತು. ರತ್ನಪ್ರಭಾ ಗಂಟೆ ಬಾರಿಸಿದರು. ಬೆಣ್ಣಿ ಎದ್ದು, ಹೋಗಿ, ಹೆಡೆಯನ್ನು ಅಪ್ಪಿಕೊಂಡು, ಎರಡು ಮೆಣಸಿನಕಾಳಿನ ನಡುವೆ ಪ್ರೀತಿಯಿಂದ ನೆಕ್ಕಿತು.

ಬೇಲಿಯಾಚೆ ನಗುತ್ತಿದ್ದವರೆಲ್ಲ ವೇದಾಳ ಮುಖ ನೋಡಿ ಸುಮ್ಮನಾದರು.

"ಇದೇ ಟ್ರೇನಿಂಗ್ ಏನ್ರಿ ಅಂಕಲ್?" ಎಂದಳು ಅವಳು. ದನಿ ಏರಿರಲಿಲ್ಲ. ಏರಿದ್ದರೆ ಅಪ್ಪಾಸಾಹೇಬರಿಗೆ ತಡೆದುಕೊಳ್ಳಬಹುದಾಗಿತ್ತು.

"ವೇದಾ," ಎಂದರು ಅವರು. "ನಾ ಅರಣ್ಯ ಇಲಾಖೆದಾಗ ಮುದ್ರಿ ಒತ್ತಾಂವ ಇದ್ದೆ. ಹಾವು ನಾ ನೋಡಿದ್ದು ಗಾರುಡಿಗನ ಬುಟ್ಯಾಗ, ಅದೂ ದೂರದಿಂದ. ತಪ್ಪು ನಾಯೀದಲ್ಲ."

ಅವರ ತಲೆ ಆ ದಿನ ಬಗ್ಗಿದ್ದು ಎಷ್ಟೋ ದಿನ ಏಳಲಿಲ್ಲ. ಬೆಣ್ಣಿಯನ್ನು ಇಲ್ಲೇ ಬಿಟ್ಟು ಹೋಗುತ್ತೇನೆ ಎಂದಳು ವೇದಾ. ಪ್ರೀತಿಯಿಂದ ಸಾಕಿ, ಹಾವಿನ ಬಾಯಿಗೆ ತಾನೇ ಒಯ್ದು ಕೊಡುವುದು ಅವಳಿಂದಾಗದು. ನೀವೇ ಇಟ್ಟುಕೊಳ್ಳಿ ಎಂದು ಅದರ ಹಾಸಿಗೆ, ಬಟ್ಟಲು ಎಲ್ಲ ತಂದಿಟ್ಟಳು. ಈ ದೇಶಕ್ಕೆ ಯಾರೂ ಇಲ್ಲದೆ ಬಂದಿಳಿದ ವರ್ಷ ಅವಳು ಮೊದಲು ತಂದುಕೊಂಡದ್ದು ಬೆಣ್ಣಿಯನ್ನು. ಈಗ ಅದನ್ನು ಬಿಟ್ಟು ಮತ್ತೆ ಯಾರೂ ಇಲ್ಲದ ಊರಿಗೆ ಹೊರಟಿದ್ದಳು. ಬೆಣ್ಣಿ ಎದುರು ಮನೆಯ ಕಡೆ ಮುಖ ಮಾಡಿ ಗೇಟಿಗೆ ಆತು ಮಲಗಿತು. ಉಂಡಿ ಇಟ್ಟರೂ ಮೂಸಲಿಲ್ಲ. ಗಂಟೆ ಬಾರಿಸಿದರೂ ಬರಲಿಲ್ಲ.

ಅದನ್ನು ನೋಡಲಾರದೆ ಅಪ್ಪಾಸಾಹೇಬರು ನಟರಾಜನಿಗೆ ಫೋನು ಹಚ್ಚಿದರು. ಜೀವನದಲ್ಲಿ ಮೊದಲ ಬಾರಿಗೆ, ತಮಗೆ ಗೊತ್ತಿಲ್ಲ ಎಂದು ಹೇಳಿ ಕೇಳಿದರು. ಅವನು ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡು ವೇದಾಳ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಒಪ್ಪಿಸಿದರು.

"ಹೊರಗ ಹೋದ್ರ ಪಟ್ಟಿ ಬಿಚ್ಚಬಾರದಂತ. ಹಿತ್ತಲದ ಹುಲ್ಲು ಗಿಡ್ಡ ಇರಬೇಕಂತ. ಕಟಗಿ ಕಸಾ ಒಟ್ಟಬಾರದಂತ. ಹಾವು ಕಂಡ್ರ ಹೊಡಿಯಾಕ ಹೋಗಬಾರದು, ದಾರಿ ಬಿಟ್ರ ತಾನ ಹೋಗ್ತದಂತ. ಕಚ್ಚಿತು ಅನ್ನೂ ಸಂಶಯ ಬಂದ್ರೂ ನಡಸಬಾರದು, ಎತ್ತಿಕೊಂಡ ಸೀದಾ ಡಾಕ್ಟರ ಕಡೆ. ಅಲ್ಲೆ ಲಕ್ಷಾಂತರ ನಾಯಿ ಅದಾವ ವೇದಾ, ಎಲ್ಲಾ ಬದುಕ್ಯಾವ. ಕಲೀಬೇಕಾದ್ದು ನಾಯಿ ಅಲ್ಲ, ಮನಷ್ಯಾರು. ಆಕೀನ್ನ ಕರಕೊಂಡ ಹೋಗು. ಇಲ್ಲಿ ಇಟ್ರ ಹಾವಿಲ್ಲದನ ಸಾಯ್ತದ ಅದು."

ವೇದಾ ಅತ್ತಳು. ಅತ್ತು ಮುಗಿದ ಮೇಲೆ ಹಾಸಿಗೆ, ಬಟ್ಟಲು ಮರಳಿ ಒಯ್ದಳು. ಹೊರಡುವ ದಿನ ರತ್ನಪ್ರಭಾ ಒಂದು ಡಬ್ಬಿ ಶೇಂಗಾ ಉಂಡಿ ಕೊಟ್ಟರು. ಅಪ್ಪಾಸಾಹೇಬರು ಕೊಡಲು ಏನೂ ತೋಚದೆ ಬೆಣ್ಣಿಯ ಕಿವಿ ತಿಕ್ಕುತ್ತ ನಿಂತರು.

ಆಮೇಲಿನ ದಿನಗಳಲ್ಲಿ ಫೋನು ಸದ್ದಾದರೆ ಅವರ ಎದೆ ಧಸಕ್ಕೆನ್ನುತ್ತಿತ್ತು. ಒಂದು ಮುಂಜಾನೆ, ರತ್ನಪ್ರಭಾ ಶೆಡ್ಡಿನಲ್ಲಿ ಪೂಜೆಗೆ ಕೂತು, ಅವರು ಬಾಗಿಲ ಹೊರಗೆ ನಿಂತಿದ್ದಾಗ, ಅದು ಸದ್ದಾಯಿತು. ತೆರೆಯ ಮೇಲೆ ವೇದಾ. ಕೂದಲು ಕೆದರಿತ್ತು, ಮುಖ ಬಿಳಿಚಿತ್ತು.

"ಅಂಕಲ್, ಹಾವು ಬಂದಿತ್ತು!"

ಅಪ್ಪಾಸಾಹೇಬರು ಫೋನನ್ನು ಕಣ್ಣಿನ ಹತ್ತಿರ ತಂದರು. "ಬೆಣ್ಣಿ?"

"ಅರಿವಿ ಒಣಾ ಹಾಕಲಿಕ್ಕ ಒಂದ ನಿಮಿಷ ಪಟ್ಟಿ ಬಿಟ್ಟಿದ್ದೆರಿ. ಫೆನ್ಸ್ ಕಡೆಯಿಂದ ಬಂತು, ಬ್ರೌನ್ ಸ್ನೇಕ್, ಇಷ್ಟುದ್ದ. ಈಕಿ ನೋಡಿದವಳ ಅದರ ಕಡೇನ ಓಡಿದ್ಲು. ನನಗ ಕೂಗಾಕೂ ಬರಲಿಲ್ಲ. ಓಡಿ ಹೋದಾಕಿ, ದೂರದಾಗ ನಿಂತು..." ವೇದಾ ಬಿಕ್ಕಿದಳು. "ದೂರದಾಗ ನಿಂತು ಕೂತುಬಿಟ್ಲು ಅಂಕಲ್. ಜೊಲ್ಲು ಸುರಿಸಿಕೋತ. ಗಂಟಿಗೆ ಕಾಯಾಕತ್ತಿದ್ಲು! ಪುಣ್ಯಕ್ಕ ನನ್ನ ಫೋನ್ ಸೈಲೆಂಟ್ ಇತ್ತು. ಹಾವು ಹೆಡಿ ಎತ್ತಿ ನೋಡ್ತು, ನೋಡ್ತು, ಆಮ್ಯಾಲೆ ತಿರುಗಿ ಹೋತು."

ಅಪ್ಪಾಸಾಹೇಬರು ಹೆಂಡತಿಯ ಕಡೆ ತಿರುಗಿದರು. ರತ್ನಪ್ರಭಾ ಕೈಯಲ್ಲಿದ್ದ ಹೂವನ್ನು ಸುಮ್ಮನೆ ನಾಗಪ್ಪನ ಮೇಲಿಟ್ಟರು.

"ಆದ್ರ ಏಳವಲ್ಲಳ್ರಿ," ಎಂದಳು ವೇದಾ, ಅಳುತ್ತ ನಗುತ್ತ. "ಹಾವು ಹೋಗಿ ಎಷ್ಟೊತ್ತಾತು. ಬಿಸಿಲಾಗ ಹಂಗ ಕೂತಾಳ. ಕರದ್ರೂ ಬರಂಗಿಲ್ಲ, ಎಳದ್ರೂ ಬರಂಗಿಲ್ಲ."

ಅವಳು ಫೋನು ತಿರುಗಿಸಿದಳು. ಟೌನ್ಸ್‌ವಿಲ್ಲಿನ ಸುಡು ಬಿಸಿಲಿನಲ್ಲಿ, ಗಿಡ್ಡಗೆ ಕತ್ತರಿಸಿದ ಹುಲ್ಲಿನ ಮೇಲೆ, ಬೇಲಿಯ ಕಡೆ ಮುಖ ಮಾಡಿ, ಬೆಣ್ಣಿ ಕೂತಿತ್ತು.

"ಹಾವು ಖರೇನ ಹೋತೇನು?" ಎಂದರು ಅಪ್ಪಾಸಾಹೇಬರು.

"ಹೋತರಿ."

"ಮತ್ತೊಮ್ಮೆ ನೋಡು. ಬೇಲಿ ಬುಡಕ ನೋಡು."

"ಹೋಗ್ಯದ ಅಂಕಲ್."

"ಕೈಯಾಗ ಮೊದಲ ಉಂಡಿ ತಗೋ ವೇದಾ," ಎಂದು ರತ್ನಪ್ರಭಾ ಕೂಗಿದರು. "ಗಂಟಿ ಆದ್ರ ಉಂಡಿ ಅಂತ ಆಕಿಗೆ ಕಲಸೀನಿ, ಬರೇ ಗಂಟಿ ಬಾರಿಸಿ ನನ್ನ ಮಾತು ಸುಳ್ಳು ಮಾಡಬ್ಯಾಡ್ರಿ." ಹೀಗೆಂದು, ಗಂಟೆಯನ್ನು ಎತ್ತಿ ಗಂಡನ ಮುಂದೆ ಹಿಡಿದರು.

ಅಪ್ಪಾಸಾಹೇಬರು ಚಪ್ಪಲಿ ಬಿಟ್ಟು, ಒಳಗೆ ಬಂದು, ಎರಡೂ ಕೈಯಿಂದ ಅದನ್ನು ತೆಗೆದುಕೊಂಡರು. ಫೋನಿನ ಹತ್ತಿರ ಹಿಡಿದು ಬಾರಿಸಿದರು. ಸಮುದ್ರದಾಚೆ ಬೆಣ್ಣಿಯ ಕಿವಿ ನಿಮಿರಿತು. ಎದ್ದಿತು, ಮೈ ಕೊಡವಿತು, ವೇದಾಳ ಕೈಯಲ್ಲಿದ್ದ ಉಂಡಿಯನ್ನು ನುಂಗಿ ಇನ್ನೊಂದಕ್ಕಾಗಿ ಫೋನಿನೊಳಗೆ ಮೂಗು ತೂರಿಸಿತು. ಅಪ್ಪಾಸಾಹೇಬರ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ.

"ಸಾಕು ನಿಲ್ಲಸ್ರಿ, ಎದ್ದದ ಅದು," ಎಂದರು ರತ್ನಪ್ರಭಾ.

"ತಡಿ," ಎಂದರು ಅಪ್ಪಾಸಾಹೇಬರು. "ಆರತಿ ಆಗ್ಲಿ."